ಗಾಳಿತಕ್ಕಡಿ

ದರ್ಜಿಯವರು ಬಿಳಿ ಕೋಟಿನ ಕೊನೆಯ ಗುಂಡಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಸೂಜಿ ಇಳಿಸುತ್ತಿದ್ದಾಗ ಮಗಳು ಚಪ್ಪಲಿ ಕಳಚದೆ ಒಳಗೆ ಬಂದಳು. ಹೊಲಿಗೆಯ ಕೋಣೆಗೆ ಅವಳು ಎಂದೂ ಹಾಗೆ ಬಂದವಳಲ್ಲ. ಅವರ ಕಣ್ಣು ಮೊದಲು ಅವಳ ಕಾಲಿನ ಮೇಲೆ ಹೋಯಿತು, ಆಮೇಲೆ ಮುಖದ ಮೇಲೆ.

“ಅಪ್ಪಾ, ಚಿಕ್ಕಪ್ಪ...” ಎಂದಳು.

“ಬೆಳಿಗ್ಗೆ ಎದ್ದು ಕೂತಿದ್ದಾನೆ, ಹಾಲು ಕುಡಿದ ಅಂತ ನೀನೇ ಅಂದ್ಯಲ್ಲ?”

“ಕುಡಿದಿದ್ರು. ಆಮೇಲೆ ಉಸಿರು ಹಿಡ್ಕೊಂಡ್ಬಿಡ್ತಂತೆ. ಅವರು ಫೋನ್ ಮಾಡಿದ್ರು.”

“ಯಾರು?”

“ನಿಮ್ಮಳಿಯ.”

ದರ್ಜಿಯವರು ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ತಮ್ಮ ಫೋನನ್ನು ನೋಡಿದರು. ಅದು ಬೆಳಗಿನಿಂದ ಅಲ್ಲೇ ಸುಮ್ಮನೆ ಬಿದ್ದಿತ್ತು. “ಸತ್ತವನ ಅಣ್ಣ ನಾನು. ನನಗೆ ಯಾಕೆ ಮಾಡಲಿಲ್ಲ?” ಎಂದು ಕೇಳಿದರು. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಅದಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ಮೊದಲು ಬಾಯಿಗೆ ಬಂದದ್ದು ಅದೇ. ಸೂಜಿ ಗುಂಡಿಯಲ್ಲೇ ಉಳಿಯಿತು. ಕೋಟು ತಮ್ಮನದು.

ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕದ ಕುರ್ಚಿ ಖಾಲಿಯಾಗಿತ್ತು. ತಮ್ಮನ ಮುಖ ಶಾಂತವಾಗಿತ್ತು. ಗಡ್ಡ ಮಾತ್ರ ಬೆಳೆದಿತ್ತು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದವನು. ದರ್ಜಿಯವರು ಆ ಗಡ್ಡವನ್ನು ಕೈಯಿಂದ ಸವರಿ, ತುಟಿಯೊಳಗೇ ದೇವರ ಹೆಸರು ಹೇಳಿಕೊಂಡು, “ನಮ್ಮ ಅಳಿಯ ಎಲ್ಲಿ?” ಎಂದು ದಾದಿಯನ್ನು ಕೇಳಿದರು.

“ಡಾಕ್ಟ್ರು ಅವರನ್ನ ಕರೆದು ಎದೆಯ ಎಕ್ಸ್‌ರೇ ಚಿತ್ರ ತೋರಿಸಿದ್ರು. ನೋಡಿದ್ದೇ ಓಡಿ ಹೋದ್ರು. ಕಾರ್ಖಾನೆಗೆ ಹೋಗ್ಬೇಕು ಅಂದ್ರು.”

“ಹೆಣ ಇಲ್ಲಿ ಬಿಟ್ಟು?”

ದಾದಿ ಹೊದಿಕೆ ಸರಿಮಾಡಿದಳು.

ಅಳಿಯ ಬಂದದ್ದು ಸಾಯಂಕಾಲ, ಆಸ್ಪತ್ರೆಯ ಕಾಗದಪತ್ರವೆಲ್ಲ ಮುಗಿಯುವ ಹೊತ್ತಿಗೆ. ಅವನ ಬೆರಳ ತುದಿಗಳು ಕಪ್ಪಾಗಿದ್ದವು. ಹೆಗಲಿಗೆ ಒಂದು ಚೀಲವಿತ್ತು. ತಮ್ಮನ ದೇಹ ಎತ್ತುವಾಗಲೂ ಅದನ್ನು ಅವನು ಕೆಳಗಿಡಲಿಲ್ಲ. ಮಗಳು ಕೈ ಚಾಚಿದರೆ, “ಬೇಡ, ಇರಲಿ” ಎಂದು ಹಿಂದಕ್ಕೆ ಎಳೆದುಕೊಂಡ. ದರ್ಜಿಯವರು ಅಳುತ್ತಿದ್ದರು, ಆದರೂ ಚೀಲವನ್ನು ನೋಡಿದರು. ಬಟ್ಟೆಯ ಕೆಲಸದಲ್ಲಿ ಮುದುಕರಾದವರಿಗೆ, ಯಾವ ಬಟ್ಟೆಯೊಳಗೆ ಏನು ಅಡಗಿದೆ ಎಂದು ನೋಡುವುದು ಕಣ್ಣಿನ ಅಭ್ಯಾಸ. ಚೀಲದೊಳಗೆ ಸುರುಳಿ ಸುತ್ತಿದ ಏನೋ ಒಂದು ಇತ್ತು.

ತಮ್ಮನಿಗೆ ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದ. ಮೊದಲು ಇಬ್ಬರೂ ಅಪ್ಪನ ಕೈಕೆಳಗೆ ಹೊಲಿಗೆ ಕಲಿತವರು. ಆಮೇಲೆ ಸಿದ್ಧ ಉಡುಪಿನ ಅಂಗಡಿಗಳು ಹೆಚ್ಚಾಗಿ ಕೆಲಸ ಇಬ್ಬರಿಗೆ ಸಾಲದೆ ಬಂದಾಗ ಅಳಿಯನೇ ಅವನನ್ನು ತನ್ನ ಕಾರ್ಖಾನೆಗೆ ಸೇರಿಸಿದ. ಟೈರಿಗೂ ಶಾಯಿಗೂ ಬೇಕಾದ ಕಪ್ಪು ಪುಡಿ ಮಾಡುವ ಕಾರ್ಖಾನೆ ಅದು. ಅಲ್ಲಿ ಅಳಿಯನ ವಶದಲ್ಲಿ ಒಂದು ಯಂತ್ರವಿತ್ತು. ಗಾಳಿಯಲ್ಲಿ ತೇಲುವ, ಕಣ್ಣಿಗೆ ಕಾಣದ ಕಣಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಎಣಿಸುವ ಯಂತ್ರ. ಅದಕ್ಕೆ ಬೇರೇನೋ ಉದ್ದನೆಯ ಹೆಸರಿತ್ತು. ಕಾರ್ಖಾನೆಯವರೆಲ್ಲ ಗಾಳಿತಕ್ಕಡಿ ಎನ್ನುತ್ತಿದ್ದರು. ಯಂತ್ರವನ್ನೂ ಅದರ ಕೊಳವೆಗಳನ್ನೂ ಚೊಕ್ಕಟವಾಗಿಡುವುದು ತಮ್ಮನ ಕೆಲಸ. ದಿನಕ್ಕೆ ಹಲವು ಸಲ ಪುಡಿ ತಯಾರಾಗುವ ದೊಡ್ಡ ಹಜಾರಕ್ಕೆ, ಅವರ ಮಾತಿನಲ್ಲಿ ಹಾಲಿಗೆ, ಹೋಗಿ ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಒರೆಸಿ ಬರುವುದೂ ಅವನದೇ.

ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಳಿಯ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದ್ದ. “ಒಂದರೊಳಗೊಂದು ಎರಡು ಉರುಳೆ ಮಾವ. ನಡುವೆ ಸಣ್ಣ ಸಂದು. ಎರಡೂ ಒಟ್ಟಿಗೆ ಗಿರಗಿರ ತಿರುಗ್ತವೆ. ಕಣಕ್ಕೆ ಮೊದಲೇ ಒಂಚೂರು ಕರೆಂಟು ಹತ್ತಿಸಿರ್ತೀವಿ. ತಿರುಗೋ ರಭಸ ಅದನ್ನ ಹೊರಗೆ ತಳ್ಳುತ್ತೆ, ಕರೆಂಟು ಒಳಗೆ ಎಳೆಯುತ್ತೆ. ಭಾರದ್ದು ಹೊರಗೋಡೆಗೆ ಬಡಿಯುತ್ತೆ, ಹಗುರದ್ದು ಒಳಗೋಡೆಗೆ ಅಂಟುತ್ತೆ. ನಾವು ಕೇಳಿದ ತೂಕದ್ದು ಮಾತ್ರ ನಡುವೆ ನೆಟ್ಟಗೆ ಆಚೆ ಬರುತ್ತೆ.”

ತಮ್ಮ ನಕ್ಕಿದ್ದ. “ಅಂದ್ರೆ ಮನೇಲಿ ಹೆಂಡ್ತಿ ಎಳೀತಾಳೆ, ಬೀದೀಲಿ ಗೆಳೆಯರು ಎಳೀತಾರೆ, ಯಾರ ಕೈಗೂ ಸಿಗದೆ ಇವನು ಆಫೀಸಿಗೆ ಬರ್ತಾನೆ ಅನ್ನು.”

“ನಿಮಗೆ ಹೆಂಡ್ತೀನೇ ಇಲ್ಲ, ನಿಮಗೇನು ಗೊತ್ತು?” ಎಂದು ಮಗಳು ಒಳಗಿನಿಂದ ಕೂಗಿದ್ದಳು.

ಆ ನಗು ಈಗ ನೆನಪಾದರೆ ದರ್ಜಿಯವರು ತುಳಿಯುತ್ತಿದ್ದ ಹೊಲಿಗೆ ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದರು. ಗಾಳಿ ತೂಗುವವನು ಅಳಿಯ. ಆ ಗಾಳಿಯನ್ನೇ ಕುಡಿದು, ಕೆಮ್ಮಿ ಕೆಮ್ಮಿ ಸತ್ತವನು ತಮ್ಮ. ಗಾಳಿ ಕೆಟ್ಟಿದೆಯೆಂದು ಯಂತ್ರ ಒಂದು ದಿನವೂ ಹೇಳಲಿಲ್ಲವೇ? ಹೇಳಿದ್ದರೆ ಯಾರು ಮುಚ್ಚಿಟ್ಟರು?

ಉಗ್ರಾಣದವನು ಬಂದದ್ದು ಆ ಸಂಶಯ ಬಲಿತ ಮೇಲೆ. ಕಾರ್ಖಾನೆಯಲ್ಲಿ ಅವನನ್ನು ಕೀಲಿಕೈ ಎಂದೇ ಕರೆಯುತ್ತಿದ್ದರು. ಸೊಂಟದ ತುಂಬ ಗೊಂಚಲು ಕಟ್ಟಿಕೊಂಡಿರುತ್ತಿದ್ದ. ಅವನು ಬರುವ ಮೊದಲೇ ಅವನ ಸೊಂಟ ಬರುತ್ತದೆ ಎಂದು ತಮ್ಮ ಹೇಳುತ್ತಿದ್ದ. ಕೀಲಿಕೈ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಸತ್ತವನ ಗುಣಗಾನ ಮಾಡಿ, ನೀರು ಕುಡಿದು, ಆಮೇಲೆ ಧ್ವನಿ ತಗ್ಗಿಸಿದ.

“ಯಜಮಾನ್ರೇ, ಹೇಳ್ಬಾರ್ದು. ಆದ್ರೆ ಹೇಳದೇ ಇದ್ರೆ ನನ್ನ ಮನಸ್ಸು ಒಪ್ಪಲ್ಲ. ನಿಮ್ಮ ತಮ್ಮ ಹೋದ ದಿನ ನಿಮ್ಮಳಿಯ ಆಸ್ಪತ್ರೆಯಿಂದ ನೇರ ಯಂತ್ರದ ಕೋಣೆಗೆ ಬಂದ್ರು. ಹಿಂದುಗಡೆ ಬಗ್ಗಿ ಒಂದು ಕೊಳವೆ ಬಿಚ್ಚಿದ್ರು. ಚೀಲಕ್ಕೆ ಹಾಕ್ಕೊಂಡ್ರು. ನನ್ನ ಹತ್ರ ಬಂದು ಹೊಸಾ ಕೊಳವೆ ಕೇಳಿದ್ರು.”

“ಹಳೇದು ಹೋಗಿರಬಹುದು.”

“ಅದೇ ಮಜಾ. ಅಲ್ಲಿ ಇರಬೇಕಾಗಿದ್ದು ಕರೀ ರಬ್ಬರು. ನಾನು ಕೊಟ್ಟಿದ್ದೂ ಅದೇ. ಬಿಚ್ಚಿದ್ದು ನೀರಿನ ಥರ ಬೆಳ್ಳಗೆ, ಆಚೆ ಈಚೆ ಕಾಣೋ ಪ್ಲಾಸ್ಟಿಕ್ಕು.”

“ಅದರಿಂದೇನು?”

ಕೀಲಿಕೈ ತನ್ನ ಜೇಬಿನಿಂದ ಬಾಚಣಿಗೆ ತೆಗೆದು ತಲೆಗೆ ಉಜ್ಜಿ, ನೆಲದ ಮೇಲಿದ್ದ ದಾರದ ಚೂರುಗಳ ಹತ್ತಿರ ಹಿಡಿದ. ಅವು ಎದ್ದು ಬಂದು ಬಾಚಣಿಗೆಗೆ ಅಂಟಿಕೊಂಡವು. “ನೋಡಿ. ಪ್ಲಾಸ್ಟಿಕ್ಕಿಗೆ ಈ ಬುದ್ಧಿ. ಕರೆಂಟು ಹತ್ತಿದ ಕಣ ಅದರೊಳಗೆ ಹೋದ್ರೆ ಗೋಡೆಗೆ ಅಂಟ್ಕೊಂಡು ಅಲ್ಲೇ ಉಳೀತದೆ. ಯಂತ್ರದ ತನಕ ಹೋಗಲ್ಲ. ಯಂತ್ರ ಗಾಳಿ ಚೆನ್ನಾಗಿದೆ ಅನ್ನುತ್ತೆ. ಹಾಲಿನಲ್ಲಿ ಹಸಿರು ದೀಪ ಹತ್ತುತ್ತೆ. ಹಸಿರು ಹತ್ತಿದ್ರೆ ದೊಡ್ಡ ಫ್ಯಾನು ಅರ್ಧಕ್ಕೆ ಇಳಿಸ್ತಾರೆ. ಕರೀ ಕೊಳವೆಗೆ ಈ ಕಾಟ ಇಲ್ಲ. ಕರೆಂಟು ಅದರಲ್ಲಿ ಹರಿದು ಹೋಗುತ್ತೆ.”

ದರ್ಜಿಯವರು ಬಾಚಣಿಗೆಗೆ ಅಂಟಿದ ದಾರದ ಚೂರನ್ನೇ ನೋಡುತ್ತಿದ್ದರು.

“ಸಾವಿನ ಬಗ್ಗೆ ತನಿಖೆಯವರು ಬರ್ತಾರೆ ಯಜಮಾನ್ರೇ. ನಿಮ್ಮನ್ನೂ ಕರೀತಾರೆ. ನಾನು ಹೇಳಿದ್ರೆ ನೌಕರರ ಜಗಳ ಅಂತಾರೆ. ನೀವು ಹೇಳಿದ್ರೆ ತೂಕ ಬರುತ್ತೆ.”

ಅವನು ಹೋದ ಮೇಲೂ ಕೀಲಿಗಳ ಸದ್ದು ಬೀದಿಯ ತಿರುವಿನವರೆಗೆ ಕೇಳಿತು. ಇವನಿಗೇನು ಲಾಭ ಎಂದೂ ದರ್ಜಿಯವರು ಯೋಚಿಸಿದರು. ಉಗ್ರಾಣದ ಬೀಗ ಇವನ ಕೈಯಲ್ಲಿ. ಬಿಳೀ ಕೊಳವೆ ಇವನೇ ಕೊಟ್ಟು ಈಗ ಕೈ ತೊಳೆದುಕೊಳ್ಳುತ್ತಿರಬಹುದು. ಆದರೆ ಚೀಲ ಕೆಳಗಿಡದೆ ನಿಂತಿದ್ದವನು ಅಳಿಯ. ಬೆರಳು ಕಪ್ಪಾಗಿದ್ದದ್ದೂ ಅವನದೇ. ಫ್ಯಾನು ಅರ್ಧ ತಿರುಗಿದರೆ ಕಾರ್ಖಾನೆಗೆ ಉಳಿತಾಯ, ಯಜಮಾನರ ಮುಂದೆ ಅಳಿಯನಿಗೆ ಹೆಸರು. ಹೋದ ವರ್ಷ ಅವನಿಗೆ ಬಡ್ತಿ ಸಿಕ್ಕಿದ್ದೂ ಹಸಿರು ದೀಪ ಹತ್ತಲು ಶುರುವಾದ ಮೇಲೆಯೇ ಅಲ್ಲವೇ? ಒಂದೊಂದೇ ಬಟ್ಟೆಯ ತುಂಡು ತಂದು ಜೋಡಿಸಿದಂತೆ ಎಲ್ಲವೂ ಕೂಡಿಕೊಳ್ಳುತ್ತಿತ್ತು. ಅಂಗಿ ಪೂರ್ತಿಯಾಗುತ್ತಿತ್ತು.

ಮರುದಿನ ಅವರು ಮಗಳ ಮನೆಗೆ ಹೋದರು. ಅಳಿಯ ಊಟದ ಮೇಜಿನ ಮುಂದೆ ಕೂತಿದ್ದ. ಮಾವನನ್ನು ಕಂಡು ಎದ್ದು ನಿಂತ.

“ಕೂತ್ಕೊಳ್ಳಿ” ಎಂದರು ದರ್ಜಿಯವರು. ಮದುವೆಯಾದ ಮೊದಲ ವರ್ಷ ಕಳೆದ ಮೇಲೆ ಅವರು ಅಳಿಯನಿಗೆ ನೀವು ಎಂದವರಲ್ಲ. ಮಗಳು ಒಲೆಯ ಕಡೆಯಿಂದ ತಿರುಗಿ ನೋಡಿದಳು.

“ಚೀಲದಲ್ಲಿ ಏನಿತ್ತು?”

ಅಳಿಯನ ಮುಖ ಬಿಳಿಚಿಕೊಂಡಿತು. “ಯಾರು ಹೇಳಿದ್ರು ಮಾವ?”

“ಯಾರು ಹೇಳಿದ್ರೇನು? ಕೊಳವೆ ಬಿಚ್ಚಿದ್ದು ನಿಜವೋ ಸುಳ್ಳೋ?”

“ನಿಜ.”

“ಅದು ಅಲ್ಲಿ ಇರಬಾರದ ಕೊಳವೆ. ಹೌದೋ ಅಲ್ವೋ?”

“ಹೌದು.”

“ಹಾಕಿದ್ದು ಯಾರು?”

ಅಳಿಯ ಮೇಜಿನ ಮೇಲಿನ ನೀರಿನ ಲೋಟವನ್ನು ಸುಮ್ಮನೆ ತಿರುಗಿಸಿದ. “ಅದೊಂದು ಕೇಳ್ಬೇಡಿ ಮಾವ. ಯಂತ್ರ ನನ್ನ ಜವಾಬ್ದಾರಿ. ಕೊಳವೆ ತಪ್ಪಿದ್ರೆ ತಪ್ಪು ನನ್ನದೇ. ತನಿಖೆಯವರಿಗೂ ಹಾಗೇ ಹೇಳ್ತೀನಿ.”

“ನಿಮ್ಮನ್ನ ನಂಬಿ ನನ್ನ ತಮ್ಮನ್ನ ಕಳಿಸಿದ್ದೆ.”

“ಗೊತ್ತು ಮಾವ.”

“ಗೊತ್ತು ಅಂತ ಎಷ್ಟು ಸಲೀಸಾಗಿ ಹೇಳ್ತೀರಿ! ಅವನು ಕೆಮ್ಮೋದನ್ನ ಗೋಡೆಯ ಈಚೆ ಮಲಗಿ ಕೇಳಿದವನು ನಾನು.” ದರ್ಜಿಯವರು ಬಾಗಿಲ ಕಡೆ ತಿರುಗಿದರು. “ಅವನ ಹೆಸರಲ್ಲಿ ಪ್ರಾರ್ಥನೆ ಇಟ್ಟಿದ್ದೀನಿ. ನೀವು ಆ ದಿನ ನನ್ನ ಹೊಸ್ತಿಲು ತುಳೀಬೇಡಿ. ನಾಳೆ ಬೆಳಿಗ್ಗೆ ತನಿಖೆಯವರ ಮುಂದೆ ನಾನು ಹೇಳೋದನ್ನ ಹೇಳ್ತೀನಿ.”

“ಅಪ್ಪಾ!” ಎಂದಳು ಮಗಳು. “ಅವರ ಕೆಲಸ ಹೋಗುತ್ತೆ. ಜೈಲಿಗೂ ಹಾಕಬಹುದು.”

“ನನ್ನ ತಮ್ಮ ಮಣ್ಣಿಗೆ ಹೋದ.”

“ಅವರಿಲ್ಲದ ಪ್ರಾರ್ಥನೆಗೆ ನಾನೂ ಬರಲ್ಲ, ತಿಳ್ಕೊಳ್ಳಿ.”

ಅಳಿಯ ಮಾತ್ರ ಒಂದು ಮಾತೂ ಆಡಲಿಲ್ಲ. ತಪ್ಪು ಮಾಡದವನು ಹೀಗೆ ಸುಮ್ಮನಿರುತ್ತಾನೆಯೇ? ದಾರಿಯುದ್ದಕ್ಕೂ ದರ್ಜಿಯವರು ಅದನ್ನೇ ಕೇಳಿಕೊಂಡರು.

ತನಿಖೆಯ ದಿನ ಬೆಳಿಗ್ಗೆ ಅವರು ದೇವರ ಮುಂದೆ ಬಹಳ ಹೊತ್ತು ಕೂತರು. ಪ್ರಾರ್ಥನೆ ಬರಲಿಲ್ಲ. ಕಣ್ಣು ಮುಚ್ಚಿದರೆ ಬಾಚಣಿಗೆಗೆ ಅಂಟಿದ ದಾರದ ಚೂರು ಕಾಣುತ್ತಿತ್ತು. ಎದ್ದು ತಮ್ಮನ ಕೋಣೆಗೆ ಹೋಗಿ ಅವನು ಸಾಕಿದ್ದ ಮೀನುಗಳಿಗೆ ಆಹಾರ ಹಾಕಿದರು. ಗಾಜಿನ ತೊಟ್ಟಿಯಲ್ಲಿ ಕೆಂಪು ಮೀನುಗಳು ಮೇಲೆ ಬಂದು ಬಾಯಿ ತೆರೆದವು. ಮೂಲೆಯಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದವು. ಆ ತೊಟ್ಟಿಯ ಗಾಜನ್ನು ದಿನ ಬಿಟ್ಟು ದಿನ ತಮ್ಮ ಉಜ್ಜುತ್ತಿದ್ದ. ಈಗ ಗಾಜಿನ ಮೇಲೆ ಪಾಚಿ ಹಿಡಿಯಲು ಶುರುವಾಗಿತ್ತು.

ಹೊರಗೆ ಬಾಗಿಲು ತಟ್ಟಿದ ಸದ್ದಾಯಿತು. ಮಗಳು. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಸುರುಳಿಯಿತ್ತು. ಅದನ್ನು ಹೊಲಿಗೆಯ ಮೇಜಿನ ಮೇಲೆ ಇಟ್ಟಳು.

“ನಿಮಗೆ ಬೇಕಾಗಿದ್ದು ಇದೇ ಅಲ್ವಾ? ಬೀರುವಿನ ಮೇಲೆ ಬಚ್ಚಿಟ್ಟಿದ್ರು. ಅವರಿಗೆ ಹೇಳದೆ ತಂದೆ. ಕೊಡಿ, ತನಿಖೆಯವರ ಕೈಗೆ ನೀವೇ ಕೊಡಿ. ನನಗೂ ಸಾಕಾಗಿದೆ. ಕೇಳಿದ್ರೆ ನನಗೂ ಬಾಯಿ ಬಿಡಲ್ಲ. ಕಳ್ಳನ ಜೊತೆ ಬಾಳ್ತಿದ್ದೀನೋ ಏನೋ, ಅದಾದ್ರೂ ಗೊತ್ತಾಗ್ಲಿ.”

ದರ್ಜಿಯವರು ಕನ್ನಡಕ ಹಾಕಿಕೊಂಡು ಸುರುಳಿಯನ್ನು ಕಿಟಕಿಯ ಬೆಳಕಿಗೆ ಬಿಚ್ಚಿದರು. ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆ. ಹೊರಗೆ ಫಳಫಳ ಒರೆಸಿತ್ತು. ಒಳಗೋಡೆಯ ಉದ್ದಕ್ಕೂ ಮಸಿ ಕಾಡಿಗೆಯಂತೆ ತೆಳ್ಳಗೆ ಮೆತ್ತಿಕೊಂಡಿತ್ತು. ಯಂತ್ರದವರೆಗೆ ಹೋಗದೆ ಉಳಿದದ್ದೆಲ್ಲ ಅಲ್ಲಿತ್ತು. ಅವರು ಅದನ್ನು ಬೆರಳುಗಳ ನಡುವೆ ಜಾರಿಸುತ್ತ ತುದಿಗೆ ಬಂದರು.

ತುದಿಗೆ ಮೇಣ ಹಚ್ಚಿದ ಬಿಳಿ ದಾರ ಸುತ್ತಿತ್ತು. ಲೋಹದ ಮೂತಿಗೆ ಸಿಕ್ಕಿಸಿ ಬಿಗಿಯಲು ಕಟ್ಟಿದ್ದು. ಸುತ್ತು ಒತ್ತೊತ್ತಾಗಿ, ಒಂದರ ಮೇಲೊಂದು ಏರದೆ ಸಾಲಾಗಿ ಕೂತಿತ್ತು. ಗಂಟು ಇತ್ತು, ಆದರೆ ದಾರದ ತುದಿ ಎಲ್ಲೂ ಕಾಣುತ್ತಿರಲಿಲ್ಲ. ಅದನ್ನು ಸೂಜಿಯಿಂದ ಸುತ್ತಿನ ಕೆಳಗೆ ನುಗ್ಗಿಸಿ ಒಳಗೇ ಮುಗಿಸಲಾಗಿತ್ತು.

ಅವರ ಕೈ ನಿಂತಿತು. ಅಪ್ಪ ಕಲಿಸಿದ ಗಂಟು ಅದು. ಗುಂಡಿ ಕಟ್ಟಿದ ಮೇಲೆ ತುದಿ ಹೊರಗೆ ಕಂಡರೆ ಅಪ್ಪ ಅಳತೆಪಟ್ಟಿಯಿಂದ ಬೆರಳ ಮೇಲೆ ಹೊಡೆಯುತ್ತಿದ್ದ. ಹಾಗೆ ಕಟ್ಟುವ ಇನ್ನೊಬ್ಬರನ್ನು ದರ್ಜಿಯವರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಇದ್ದವನು ಒಬ್ಬನೇ.

“ಏನಪ್ಪಾ?” ಎಂದಳು ಮಗಳು.

ಅವರು ಎದ್ದು ತಮ್ಮನ ಕೋಣೆಗೆ ಹೋದರು. ಮೀನಿನ ತೊಟ್ಟಿಯ ಹಿಂದೆ ಬಗ್ಗಿ ನೋಡಿದರು. ಗಾಳಿ ಊದುವ ಪುಟ್ಟ ಪಂಪಿನಿಂದ ತೊಟ್ಟಿಗೆ ಇಳಿದಿದ್ದ ಕೊಳವೆಯೂ ಅಂಥದೇ, ಸಣ್ಣದು. ಅದರ ಮೂತಿಗೂ ಮೇಣದ ಬಿಳಿ ದಾರ. ತುದಿ ಕಾಣದ ಗಂಟು. ಅದರ ಹಿಂದೆ ಗೋಡೆಗೆ ಒರಗಿಸಿದ್ದ ದಪ್ಪ ಕೊಳವೆಯ ಉಳಿದ ಸುರುಳಿ. ದಿನಾ ಆಹಾರ ಹಾಕುವಾಗ ಅವರ ಕಣ್ಣ ಮುಂದೆಯೇ ಇತ್ತು ಅದು.

ಆಗ ನೆನಪಾಯಿತು. ಮೊದಲ ಸಲ ಬಿಳಿ ಕೋಟು ಹೊಲಿಯಲು ಹೇಳಿದಾಗ ದರ್ಜಿಯವರು ಬೈದಿದ್ದರು. “ಮಸಿ ಕಾರ್ಖಾನೆಗೆ ಯಾರಾದ್ರೂ ಬಿಳಿ ಹಾಕ್ತಾರೇನೋ? ಎಲ್ಲರ ಹಾಗೆ ನೀನೂ ಕಪ್ಪು ಹಾಕ್ಕೋ.” ಬಟ್ಟೆ ಮಡಚಿಡುತ್ತ ತಮ್ಮ ಹೇಳಿದ್ದ: “ಕಪ್ಪಿನಲ್ಲಿ ಕೊಳೆ ಅಡಗಿಕೊಳ್ಳುತ್ತಣ್ಣ. ಬಿಳೀದಾದ್ರೆ ಕಾಣುತ್ತೆ. ಕಂಡ್ರೆ ತೊಳೀಬಹುದು.”

ಕರೀ ಕೊಳವೆಯೊಳಗೆ ಕೊಳೆ ಕಾಣುವುದಿಲ್ಲ. ಅದಕ್ಕೇ ತಮ್ಮ ಕಾಣುವಂಥದು ಹಾಕಿದ್ದ, ಯಾರಿಗೂ ಹೇಳದೆ, ಸಾಕುಮೀನಿನ ಅಂಗಡಿಯಿಂದ ತಂದು. ಅದಾದ ಮೇಲೆ ಒಂದು ಸಂಜೆ ಮನೆಗೆ ಬಂದವನೇ, “ನಾನು ಕೈ ಹಾಕಿದ ಮೇಲೆ ಹಾಲಿನ ಗಾಳಿ ಎಷ್ಟು ಶುದ್ಧ ಆಯ್ತು ಗೊತ್ತಾ? ದಿನವೆಲ್ಲ ಹಸಿರು ದೀಪ!” ಎಂದು ಹಿಗ್ಗಿದ್ದ. ಹಸಿರು ದೀಪ ನಂಬಿ ಮೂಗಿನ ಬಟ್ಟೆಯನ್ನೂ ಕಟ್ಟುವುದು ಬಿಟ್ಟಿದ್ದ.

ದರ್ಜಿಯವರು ತಮ್ಮನ ಹಾಸಿಗೆಯ ಮೇಲೆ ಕೂತರು. “ನಿನ್ನ ಗಂಡನ್ನ ಕರಿ” ಎಂದರು.

ಅಳಿಯ ಓಡಿಕೊಂಡೇ ಬಂದ. ಹೊಸ್ತಿಲ ಹೊರಗೆ ನಿಂತ. ದರ್ಜಿಯವರ ಮಡಿಲಲ್ಲಿದ್ದ ಕೊಳವೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ.

“ಒಳಗೆ ಬಾ” ಎಂದರು ದರ್ಜಿಯವರು. “ಗೊತ್ತಿತ್ತಾ ನಿನಗೆ?”

“ಬಿಚ್ಚಿದಾಗ ಗೊತ್ತಾಯ್ತು ಮಾವ. ನೀವು ಹೊಲಿದ ನನ್ನ ಕೋಟಿನ ಗುಂಡಿಗೂ ಇದೇ ಗಂಟು ಅಲ್ವಾ?” ಅವನು ನೆಲದ ಮೇಲೆ ಕೂತ. “ಡಾಕ್ಟ್ರು ಎದೆ ಚಿತ್ರ ತೋರಿಸಿ, ಇಷ್ಟು ಮಸಿ ಕುಡಿದಿದ್ದಾರಲ್ಲ ಅಂದ್ರು. ಯಂತ್ರ ಗಾಳಿ ಚೆನ್ನಾಗಿದೆ ಅನ್ನುತ್ತೆ. ಹಾಗಾದ್ರೆ ಸುಳ್ಳು ಹೇಳ್ತಿರೋದು ಯಂತ್ರ ಅಂತ ಹೊಳೀತು. ಓಡಿದೆ. ಕರೀ ಕೊಳವೆ ಹಾಕಿದ ತಕ್ಷಣ ಎಣಿಕೆ ಎಲ್ಲಿಗೋ ಏರ್ತು. ಫ್ಯಾನುಗಳನ್ನೆಲ್ಲ ಪೂರ್ತಿ ತಿರುಗಿಸಿ ಬಂದೆ.”

“ನನಗೆ ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ? ನಿಮ್ಮ ತಮ್ಮನ ಕೈಯಿಂದಲೇ ಅವರ ಉಸಿರು ಕಟ್ತು ಅಂತಲಾ? ಹೇಳೋಕೆ ನಾಲಿಗೆ ಬರ್ಲಿಲ್ಲ ಮಾವ. ಆ ದಿನ ಕೊಳವೆ ಬಿಚ್ಚಿದ ಮೇಲೇ ಫೋನು ಎತ್ತಿದ್ದು, ನಿಮ್ಮ ನಂಬರು ಒತ್ತೋಕೇ ಆಗಲಿಲ್ಲ.” ಅವನು ಮುಖ ಒರೆಸಿಕೊಂಡ. “ತಪ್ಪು ನನ್ನದೂ ಇದೆ. ಎಣಿಕೆ ಇಳಿದಾಗ ಖುಷಿಪಟ್ಟೆ. ಏರಿದ್ರೆ ಹಿಂದೆ ಬಗ್ಗಿ ನೋಡ್ತಿದ್ದೆ.”

ಮಗಳು ಬಾಗಿಲಿಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ನಾನೇ ಹಾಕಿದ್ದು ಅಂತ ಹೇಳ್ಬಿಡ್ತೀನಿ ಮಾವ. ಅವರ ಹೆಸರು ಯಾಕೆ ಕೆಡಬೇಕು?”

ದರ್ಜಿಯವರು ಗಂಟಿನ ಮೇಲೆ ಹೆಬ್ಬೆರಳು ಆಡಿಸಿದರು. “ಆ ಹಾಲಿನಲ್ಲಿ ಬೇರೆಯವರೂ ಇದ್ರಲ್ಲ?” ಎಂದು ಕೇಳಿದರು.

“ಇದ್ದಾರೆ.”

“ನೀನು ಸುಳ್ಳು ಹೇಳಿದ್ರೆ ನಿನ್ನನ್ನ ಬೈದು ಮುಗಿಸ್ತಾರೆ. ಅವರ ಎದೆ ಯಾರು ನೋಡ್ತಾರೆ? ನಡಿ. ನಾನೂ ಬರ್ತೀನಿ.”

ಕಾರ್ಖಾನೆಯ ಕಚೇರಿಯಲ್ಲಿ ಉದ್ದನೆಯ ಮೇಜು. ಅದರ ಹಿಂದೆ ತನಿಖೆಯ ಅಧಿಕಾರಿ, ನರೆಗೂದಲಿನ ಹೆಂಗಸು. ಗೋಡೆಯ ಪಕ್ಕ ಕೀಲಿಕೈ ನಿಂತಿದ್ದ. ದರ್ಜಿಯವರನ್ನು ಕಂಡು ತಲೆ ಆಡಿಸಿದ. ದರ್ಜಿಯವರು ಬಟ್ಟೆ ಬಿಚ್ಚಿ ಕೊಳವೆಯನ್ನು ಮೇಜಿನ ಮೇಲಿಟ್ಟರು.

“ಇದನ್ನ ಯಂತ್ರಕ್ಕೆ ಹಾಕಿದ್ದು ನನ್ನ ತಮ್ಮ, ತಾಯಿ. ಗಂಟು ನಮ್ಮ ಮನೇದು.”

“ಯಾಕೆ ಹಾಕಿದ್ರು?” ಎಂದು ಅಧಿಕಾರಿ ಕೇಳಿದರು.

“ಕೊಳೆ ಕಾಣಲಿ ಅಂತ.”

ಅಧಿಕಾರಿ ಕೊಳವೆಯನ್ನು ಬೆಳಕಿಗೆ ಹಿಡಿದರು. ಕೀಲಿಕೈಯ ಸೊಂಟದ ಗೊಂಚಲು ಕೂಡ ಸದ್ದು ಮಾಡಲಿಲ್ಲ. “ನನ್ನ ಅಳಿಯನೂ ನೋಡಬೇಕಾಗಿತ್ತು, ನೋಡಲಿಲ್ಲ. ಅದನ್ನ ಅವನೇ ಹೇಳ್ತಾನೆ” ಎಂದರು ದರ್ಜಿಯವರು. “ನಾನು ಬೇಡೋದು ಒಂದೇ. ಆ ಹಾಲಿನಲ್ಲಿ ದುಡಿದೋರೆಲ್ಲರ ಎದೆ ಪರೀಕ್ಷೆ ಮಾಡಿಸಿ. ಇವತ್ತೇ ಶುರುಮಾಡಿಸಿ.”

ಪ್ರಾರ್ಥನೆಯ ಸಂಜೆ ಬಂದವರು ಕೆಲವರೇ. ಅಳಿಯನ ಕೆಲಸ ಉಳಿಯುತ್ತದೆಯೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ. ಅವನು ಬಾಗಿಲ ಬಳಿ ಕೂರಲು ಹೋದಾಗ ದರ್ಜಿಯವರು ಕೈ ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಮಗಳು ಮೀನಿನ ತೊಟ್ಟಿಯ ಗಾಜು ಉಜ್ಜಿ ಬಂದಿದ್ದಳು. ಹಿಂದಿನ ಕೋಣೆಯಿಂದ ಗುಳ್ಳೆಗಳ ಸದ್ದು ಸಣ್ಣಗೆ ಕೇಳುತ್ತಿತ್ತು.

ದರ್ಜಿಯವರ ತೊಡೆಯ ಮೇಲೆ ಬಿಳಿ ಕೋಟಿತ್ತು. ಕೊನೆಯ ಗುಂಡಿಯಲ್ಲಿ ಸೂಜಿ ಅಂದು ಬಿಟ್ಟ ಹಾಗೆಯೇ ಚುಚ್ಚಿಕೊಂಡಿತ್ತು. ಅವರು ದಾರವನ್ನು ಸುತ್ತಿ, ಎಳೆದು, ತುದಿಯನ್ನು ಒಳಗೆ ನುಗ್ಗಿಸಿ ಮುಗಿಸಿದರು. ಕೋಟನ್ನು ಮಡಚಿ ದೀಪದ ಪಕ್ಕ ಇಟ್ಟು ಕೈ ಮುಗಿದರು. ಇಷ್ಟು ದಿನ ಬಾರದ ಮಾತು ಈಗ ಬಂತು.

“ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಕೊಳೆ ಕಂಡರೆ ಸುಮ್ಮನಿರುವವನಲ್ಲ. ನಿನ್ನ ಮನೆಯಲ್ಲಿ ಅವನಿಗೆ ಒರೆಸುವ ಕೆಲಸ ಇಲ್ಲದಿರಲಿ. ಅವನ ಎದೆಯ ಭಾರ ಇಳಿಸು. ಅವನು ಹಗುರಾಗಿ ಉಸಿರಾಡಲಿ. ಅವನಿಗೆ ಶಾಂತಿ ಕೊಡು.”